ಎಫ್‌ಸಿಯಾದ ಜೀಪು, ಕೆಲಸ ಕಳೆದುಕೊಂಡ ನೆಂಟರು

ಹಳೇ ಜೀಪಿನಲ್ಲಿ ಕೆಟ್ಟಿರುವ ಒಂದೊಂದು ಭಾಗವೂ ಮನೆಯ ಒಬ್ಬೊಬ್ಬರಿಗೆ ಉದ್ಯೋಗ ಕೊಟ್ಟಿರುತ್ತದೆ. ನಮ್ಮ ಕಡೆ ಏಳು ಸೀಟಿನ ಎತ್ತರದ ಗಾಡಿ ಯಾವುದಾದರೂ ಜೀಪೇ. ಕಂಪನಿಯವರು ಏನೇ ಹೆಸರಿಟ್ಟು ಕಳಿಸಿರಲಿ, ಶಿರಾಳಕೊಪ್ಪ ದಾಟುವಷ್ಟರಲ್ಲಿ ಅದು ಜೀಪಾಗಿರುತ್ತದೆ. ನಮ್ಮದು ಅಡಿಕೆ ವ್ಯಾಪಾರಿಯೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಜೀಪು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಅದರ ಈಗಿನ ಅವಸ್ಥೆಗೆ ಕಂಪನಿ ಹೊಣೆಯಲ್ಲ.

ಅದರ ಹ್ಯಾಂಡ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಹಾಗಾಗಿ ಗಾಡಿ ನಿಂತ ಕೂಡಲೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ಚಿಕ್ಕಪ್ಪನ ಕೆಲಸ. ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ದರ್ಶನಕ್ಕೆಂದು ಉಳಿದವರು ಹೂವು, ಕಾಯಿ ಹಿಡಿದು ಇಳಿದರೆ ಚಿಕ್ಕಪ್ಪ ಕಲ್ಲು ಹಿಡಿದು ಇಳಿಯುತ್ತಿದ್ದರು. ಎಡಗಡೆಯ ಇಂಡಿಕೇಟರ್ ಸತ್ತು ಕಾಲವಾಗಿತ್ತು. ಆ ಇಲಾಖೆ ಹೆಂಡತಿಯ ಬಲಿಷ್ಠ ಎಡಗೈಯದು. ಡಿಕ್ಕಿಯ ಬಾಗಿಲು ಒಳಗಿನಿಂದ ಒದ್ದರೆ ಮಾತ್ರ ತೆರೆಯುತ್ತಿತ್ತು, ಒದೆಯುವುದಕ್ಕೆ ಮಗ. ರೇಡಿಯೇಟರಿಗೆ ನೀರಿನ ಬಾಟಲಿ ಹಿಡಿದು ಕೂರುವುದು ಸೊರಬದ ಅತ್ತೆಯವರು. ಹಾರ್ನ್ ಮಳೆಗಾಲದಲ್ಲಿ ಮೌನವ್ರತ ಹಿಡಿಯುತ್ತಿದ್ದುದರಿಂದ ಆ ನಾಲ್ಕು ತಿಂಗಳು ಭಾಮೈದ ಕಿಟಕಿಯಿಂದ ತಲೆ ಹಾಕಿ "ಓಯ್!" ಅನ್ನುತ್ತಿದ್ದ. ಹೀಗೆ ಶಿಕಾರಿಪುರದಿಂದ ಸೊರಬಕ್ಕೆ ನಮ್ಮ ಸಂಸಾರ ಒಂದು ಪೂರ್ಣ ಸಚಿವ ಸಂಪುಟವಾಗಿ ಓಡಾಡುತ್ತಿತ್ತು.

ಇದಕ್ಕೆ ಕುತ್ತು ತಂದದ್ದು 1988ರ ಮೋಟಾರು ವಾಹನ ಕಾಯ್ದೆ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ, ಗಟ್ಟಿಯಿದೆ ಅನ್ನಿಸಿಕೊಂಡು, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಕಾಗದದಲ್ಲಿ ಅದು ನೋಂದಣಿ ನವೀಕರಣ, ಊರ ಬಾಯಲ್ಲಿ ಎಫ್‌ಸಿ. 600 ರೂಪಾಯಿ ಇದ್ದ ಕಾರಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು.

ಮೊದಲು ಶಿಕಾರಿಪುರದ ಮೆಕ್ಯಾನಿಕ್‌ಗೆ ತೋರಿಸಿದೆ. ಆತ ಕೆಳಗೆ ತೂರಿ, ಅಲ್ಲಿಂದಲೇ ವರದಿ ಓದಿದ: "ಬುಷ್ ಎಲ್ಲಾ ಹೋಗ್ಯಾವ್ ಸಾರ್. ಬಾಲ್ ಜಾಯಿಂಟ್ ರಬ್ಬರ್ ಹರಿದು ಒಳಗ ಮಣ್ಣು ತುಂಬೈತಿ. ಹಿಂದಿನ ಪಾಟಾ ಒಂದು ಕಟ್ಟಾಗೈತಿ. ಇಂಜಿನ್ ಮಾತ್ರ ಬಂಗಾರ!" ಇಂಜಿನ್ ಬಂಗಾರವಲ್ಲ ಎಂದ ಮೆಕ್ಯಾನಿಕ್ಕನ್ನು ನಾನು ಈವರೆಗೆ ಕಂಡಿಲ್ಲ.

ಈ ರೋಗಗಳಲ್ಲಿ ಎರಡೂ ತಾಲ್ಲೂಕುಗಳಿಗೆ ನ್ಯಾಯವಾದ ಪಾಲಿದೆ. ಶಿಕಾರಿಪುರದ ಕಡೆ ಮೆಕ್ಕೆಜೋಳದ ಹೊಲದ ಧೂಳು ಏರ್ ಫಿಲ್ಟರನ್ನು ಕಟ್ಟುತ್ತದೆ. ಗಾಳಿ ಸಾಲದೆ ಡೀಸೆಲ್ ಅರ್ಧಂಬರ್ಧ ಉರಿದು ಕರೀ ಹೊಗೆ ಬರುತ್ತದೆ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು. ಸೊರಬದ ಅಂಗಳದಲ್ಲಿ ಮಳೆಗಾಲ ಕಳೆದ ಗಾಡಿಯ ತಳಕ್ಕೆ ತುಕ್ಕು ಹಿಡಿಯುತ್ತದೆ. ಪಾಟಾ ಮುರಿದದ್ದು ಅಡಿಕೆ ಚೀಲಗಳ ಪ್ರಭಾವ. ಇಂಡಿಕೇಟರಿನ ವೈರು ಕಡಿದದ್ದು ಇಲಿ. ಅದು ಯಾವ ತಾಲ್ಲೂಕಿನದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಶಿಕಾರಿಪುರದ್ದೇ ಎಂದು ಅತ್ತೆಯವರ ವಾದ.

ತಪಾಸಣೆಯ ದಿನ ಎಲ್ಲರೂ ಹೊರಟರು. ಅವರಿಲ್ಲದೆ ಗಾಡಿಯೇ ಹೊರಡುವಂತಿರಲಿಲ್ಲವಲ್ಲ! ಇನ್‌ಸ್ಪೆಕ್ಟರ್ ಮೊದಲು ಕೇಳಿದ್ದು ಚಾಸಿ ನಂಬರ್. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು, ಶಾಸನದ ಪಡಿಯಚ್ಚು ತೆಗೆಯುವ ಹಾಗೆ. ನಮ್ಮ ತಾಲ್ಲೂಕಿಗೆ ಇದು ಹೊಸದೇನಲ್ಲ. ತಾಳಗುಂದದ ಕಂಬದ ಮೇಲೆ ಐದನೇ ಶತಮಾನದಲ್ಲಿ ಕುಬ್ಜ ಕವಿ ಕೆತ್ತಿದ ಸಾಲುಗಳನ್ನು ಇವತ್ತಿಗೂ ಓದಬಹುದು. ಹದಿನೈದು ವರ್ಷದ ಚಾಸಿ ನಂಬರ್ ಮಾತ್ರ ಸೀಮೆಎಣ್ಣೆ, ತಂತಿಬ್ರಷ್ ಹಾಕಿ ತಿಕ್ಕಿದರೂ ಮೂರು ಅಕ್ಷರಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಬಿ. ಎಲ್. ರೈಸ್ ತಮ್ಮ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳನ್ನು ಏಳನೇ ಸಂಪುಟಕ್ಕೂ ಸೊರಬದ್ದನ್ನು ಎಂಟನೆಯದಕ್ಕೂ ಹಾಕಿದ್ದಾರೆ. ಎರಡೂ ಊರಿನ ಕೆಸರು ಮೆತ್ತಿಕೊಂಡ ನಮ್ಮ ಚಾಸಿ ಸಿಕ್ಕಿದ್ದರೆ ಅವರೂ ತಲೆ ಕೆರೆದುಕೊಳ್ಳುತ್ತಿದ್ದರು.

"ಹ್ಯಾಂಡ್ ಬ್ರೇಕ್ ಹಾಕಿ" ಅಂದರು ಇನ್‌ಸ್ಪೆಕ್ಟರ್. ನಾನು ಕೈ ಎತ್ತುವ ಮೊದಲೇ ಚಿಕ್ಕಪ್ಪ ಹಾರಿ ಇಳಿದು ಕಲ್ಲು ಕೊಟ್ಟಾಗಿತ್ತು.

"ಇವರು ಯಾರು?"

"ನಮ್ಮ ಹ್ಯಾಂಡ್ ಬ್ರೇಕ್ ಸಾರ್" ಅಂದ ಮಗ.

ಎಡ ಇಂಡಿಕೇಟರ್ ಎಂದಾಗ ಕಿಟಕಿಯಿಂದ ಬಳೆಗಳ ಸಮೇತ ಕೈ ಬಂತು. ಹಾರ್ನ್ ಎಂದಾಗ ಭಾಮೈದ ಕೂಗಿದ ರಭಸಕ್ಕೆ ಪಕ್ಕದ ಸಾಲಿನಲ್ಲಿದ್ದ ಟ್ರ್ಯಾಕ್ಟರ್ ಮುಂದೆ ಸರಿದು ದಾರಿ ಬಿಟ್ಟಿತು. ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ನಮ್ಮದು ಹೊರ ಅಂಚಿನಲ್ಲಿ ಅಂಗೈಯಷ್ಟು ನುಣುಪಾಗಿತ್ತು. ಮುಂದಿನ ಬುಲ್ ಗಾರ್ಡ್ ತೆಗೆಸಿ ಎಂದರು. ಅದಕ್ಕೆ 2017ರಿಂದಲೂ ನಿಷೇಧವಂತೆ. ಹಳೆಯ ಡೀಸೆಲ್ ಗಾಡಿಯ ಹೊಗೆಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್. ನಮ್ಮದು ಆಕ್ಸಿಲರೇಟರ್ ಒತ್ತಿದ ಮೇಲೆ ಯೂನಿಟ್ಟಿರಲಿ, ಇನ್‌ಸ್ಪೆಕ್ಟರೇ ಕಾಣಲಿಲ್ಲ. ಕೆಮ್ಮು ಕೇಳಿಸುತ್ತಿದ್ದುದರಿಂದ ಅಲ್ಲೇ ಇದ್ದಾರೆಂದು ತಿಳಿಯಿತು. ಒಟ್ಟು ಗಾಡಿಯಲ್ಲಿ ಆಕ್ಷೇಪಣೆ ಇಲ್ಲದೆ ಪಾರಾದದ್ದು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು. ಸರ್ಕಾರ 2023ರ ನವೆಂಬರ್ 17ರ ಗಡುವನ್ನು ಮುಂದೂಡುತ್ತಾ ಹೋದ ದಿನಗಳಲ್ಲಿ ಹಾಕಿಸಿದ್ದು ಅದೊಂದೇ.

"ಎಲ್ಲಾ ಸರಿ ಮಾಡಿಸಿ ತನ್ನಿ" ಎಂದು ಅವರು ಶಾಂತವಾಗಿಯೇ ಕಳಿಸಿದರು. ಬ್ರಿಟನ್ನಿನಲ್ಲಿ 1960ರಿಂದಲೂ ಇಂಥ ಪರೀಕ್ಷೆ ಇದೆ. ಅಲ್ಲಿ ಗಾಡಿಗೆ ಮೂರು ತುಂಬಿದ ಮೇಲೆ ವರ್ಷವರ್ಷವೂ ತೋರಿಸಬೇಕು. ಯಾವುದರಲ್ಲಿ ಫೇಲಾಯಿತು, ಮುಂದೆ ಯಾವುದು ಕೈಕೊಟ್ಟೀತು ಎಂಬುದನ್ನು ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಅಷ್ಟು ತಾಪತ್ರಯ ಬೇಕಿಲ್ಲ. ಸೊರಬದ ಮಾವನವರು ಸಂಜೆಯೊಳಗೆ ಆ ಪಟ್ಟಿಯನ್ನು ಆನವಟ್ಟಿಯ ನೆಂಟರವರೆಗೂ ಫೋನಿನಲ್ಲಿ ಓದಿದ್ದರು.

ಕೆಲಸ ಮಾಡಿಸಿದೆ. ಬುಷ್, ಬಾಲ್ ಜಾಯಿಂಟ್, ಪಾಟಾ, ಹ್ಯಾಂಡ್ ಬ್ರೇಕ್ ಕೇಬಲ್, ರೇಡಿಯೇಟರ್, ಟೈರು. ನಾಜಲ್ ಕ್ಲೀನ್, ವೈರಿಂಗ್ ಬೇರೆ. ಚಾಸಿ ನಂಬರ್ ಆಸಿಡ್ಡಿಗೆ ಹೆದರಿ ಪೂರಾ ಹೇಳಿತು. ಗಾಡಿ ಪಾಸಾಯಿತು. ಆದರೆ ಮನೆಯವರೆಲ್ಲ ಒಂದೇ ಏಟಿಗೆ ನಿರುದ್ಯೋಗಿಗಳಾದರು, ಕೈ ಖಾಲಿಯಾದಾಗ ಬಾಯಿಗೆ ಕೆಲಸ ಬಂತು. ಹೆಂಡತಿ ಇಂಡಿಕೇಟರ್ ಬಿಟ್ಟು ಈಗ ನನ್ನ ಗೇರು ನೋಡುತ್ತಾಳೆ. "ಅಳಿಯಂದಿರು ಸ್ವಲ್ಪ ನಿಧಾನ ಹೋಗಲಿ" ಎಂದು ಅತ್ತೆಯವರು ಬಾಟಲಿಯಿಲ್ಲದ ಕೈ ಜೋಡಿಸುತ್ತಾರೆ. ಚಿಕ್ಕಪ್ಪ ಮಾತ್ರ ಏನೂ ಅನ್ನುವುದಿಲ್ಲ; ನಾನು ಹ್ಯಾಂಡ್ ಬ್ರೇಕ್ ಎಳೆದಾಗಲೆಲ್ಲ ನಿಟ್ಟುಸಿರು ಬಿಡುತ್ತಾರೆ. ಗಾಡಿಗೆ ಸಿಕ್ಕ ಐದು ವರ್ಷದ ಅಭಯ ಡ್ರೈವರಿಗೆ ಐದು ಕಿಲೋಮೀಟರಿಗೂ ಸಿಗುತ್ತಿಲ್ಲ.

ಮೊನ್ನೆ ಶಿರಾಳಕೊಪ್ಪ ದಾಟಿದ ಮೇಲೆ ಭಾಮೈದ ಕಿವಿ ನಿಮಿರಿಸಿದ. "ಭಾವ, ಬಲಗಡೆ ಬಾಗಿಲಲ್ಲಿ ಎಂತದೋ ಕಟಕಟ ಅಂತಿದ್ಯಲ್ಲ ಮಾರಾಯ್ರೇ!" ಉಪದೇಶವೆಲ್ಲ ಗಕ್ಕನೆ ನಿಂತಿತು. ಬಾಗಿಲು ಹಿಡಿದು ಕೂರುವ ಹುದ್ದೆಗೆ ಹಿಂದಿನ ಎರಡೂ ಸೀಟಿನಿಂದ ಅರ್ಜಿಗಳು ಬಂದವು.