ಏನಿಲ್ಲ, ಬರೀ ಒಂದು ಸಾರು

"ರಾತ್ರಿ ಊಟಕ್ಕೆ ಇಲ್ಲೇ ಬಂದ್ಬಿಡಿ. ಏನಿಲ್ಲ, ಬರೀ ಒಂದು ಸಾರು-ಅನ್ನ." ಹೆಂಗಸರು ಹೀಗೆ ಕರೆದರೆ ನಿಶ್ಚಿಂತೆಯಿಂದ ಹೋಗಬಹುದು, ಎಂಟು ಗಂಟೆಗೆ ತಟ್ಟೆ ಹಾಕಿರುತ್ತಾರೆ. ಗಂಡಸರು ಕರೆದರೆ ಮಾತ್ರ ಮನೆಯಲ್ಲೇ ಎರಡು ಬಾಳೆಹಣ್ಣು ತಿಂದು ಹೊರಡುವುದು ಕ್ಷೇಮ.

ಈ ಸಾರಿನ ಗಂಡಸರು ಸಾಮಾನ್ಯವಾಗಿ ನಿವೃತ್ತರು. ನೌಕರಿಯಲ್ಲಿದ್ದಷ್ಟು ಕಾಲ ಕುಡಿದ ಕಾಫಿ ಲೋಟವನ್ನು ಎತ್ತಿಡದಿದ್ದವರು, ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ 'ನಮ್ಮಮ್ಮನ ಕೈ ಅಡುಗೆ'ಯನ್ನು ಉದ್ಧಾರ ಮಾಡಲು ನಿಂತಿರುತ್ತಾರೆ. ಹಬ್ಬದಡುಗೆಯ ತಂಟೆಗೆ ಇವರು ಹೋಗುವುದಿಲ್ಲ. ಹೋಳಿಗೆ ಯಾರು ಬೇಕಾದರೂ ಮಾಡಿಯಾರು, ಮಂಗಳವಾರ ರಾತ್ರಿಯ ಸಾರಿನಲ್ಲೇ ಮನೆತನ ಗೊತ್ತಾಗುವುದು ಅನ್ನುವುದು ಇವರ ಸಿದ್ಧಾಂತ. ಕುಕ್ಕರ್ ಕಂಡರೆ ಸಿಡಿಮಿಡಿ, ಪ್ಯಾಕೆಟ್ ಪುಡಿ ಕಂಡರೆ ಸೂತಕ. ತಾವು ಬಳಸಿದ ಪಾತ್ರೆ ಮಾತ್ರ ಇವರ ಕಣ್ಣಿಗೆ ಕಾಣುವುದಿಲ್ಲ.

ನನ್ನ ಪಾಲಿಗೆ ಬಂದವರು ನಮ್ಮ ಭಾವನವರು, ನಮ್ಮ ಯಜಮಾನರ ಅಣ್ಣ. ಮೈಸೂರಿನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಮನೆ. ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅವರ ಸರಳ ಊಟದ ತಯಾರಿ ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಯಲ್ಲಿ ಶುರು. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕನ್ನು ಬೆಳಕಿಗೆ ಹಿಡಿದು ನೋಡಬೇಕು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಂತ್ಯ ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಮೆಣಸಿನಕಾಯಿಗೆ ಎರಡೇ ತೊಟ್ಟು ಹರಳೆಣ್ಣೆ. ಹುಣಸೆಹಣ್ಣು ನಿಂಬೆಗಾತ್ರ. "ಎಷ್ಟು ದೊಡ್ಡ ನಿಂಬೆಹಣ್ಣು ಭಾವ?" ಅಂದರೆ "ಆಗಿನ ಕಾಲದ್ದು" ಅನ್ನುತ್ತಾರೆ. ಇದು ಸಾವಿರ ವರ್ಷದಿಂದ ಬಂದ ಪಾಕ ಅಂತ ಒಮ್ಮೆ ಹೇಳಿದಾಗ ನನಗೆ ತಡೆಯಲಾಗಲಿಲ್ಲ. "1025ರ ಸುಮಾರಿಗೆ ಚಾವುಂಡರಾಯ ಲೋಕೋಪಕಾರದಲ್ಲಿ ಅಡುಗೆಯ ವಿಷಯ ಬರೆದಿದ್ದಾನೆ, ನಿಜ. ಆದರೆ ಆಗ ಮೆಣಸಿನಕಾಯಿ ಎಲ್ಲಿತ್ತು ಭಾವ? ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು" ಅಂದೆ. ಸೋಲುತ್ತಾರೆ ಅಂದುಕೊಂಡರೆ, "ಅದಕ್ಕೇ ನೋಡಮ್ಮ, ತಿಥಿ ಅಡುಗೆಗೆ ನಮ್ಮಲ್ಲಿ ಮೆಣಸಿನಕಾಯಿ ಹಾಕಲ್ಲ, ಬರೀ ಕಾಳುಮೆಣಸು!" ಎಂದು ಹಿಗ್ಗಿದರು. ಮುಂದಿನ ವಾರವೆಲ್ಲ ಮೆಣಸಿನ ಸಾರು. ಎಲ್ಲರ ಮೂಗಿನಲ್ಲೂ ನೀರು.

ಇಷ್ಟನ್ನೂ ಸಹಿಸಬಹುದು; ಸಹಿಸಲಾಗದ್ದು ಒಗ್ಗರಣೆ. ಆ ಹೊತ್ತಿಗೆ ಭಾವ ಸೌಟನ್ನು ನನ್ನ ಓರಗಿತ್ತಿಯ ಕೈಗೆ ಕೊಟ್ಟು, ನಡುಮನೆಗೆ ಹೋಗಿ ಕಂಬದ ಪಕ್ಕ ಕಣ್ಣು ಮುಚ್ಚಿ ಕೂರುತ್ತಾರೆ. ಅಲ್ಲಿಂದಲೇ ಅಪ್ಪಣೆ. "ಸಾಸಿವೆ ಅವಸರವಾಗಿ ಸಿಡೀತು. ಇನ್ನೊಂದ್ಸಲ." "ರೀ, ನಿಮ್ಮಮ್ಮನಿಗೆ ಸೌದೆ ಒಲೆ. ನನಗಿರೋದು ಗ್ಯಾಸು." "ಸಣ್ಣಗೆ ಮಾಡು. ಇಂಗು ಈಗ ಬೇಡ, ಮೊದಲು ಚುಂಯ್ ಅನ್ನಲಿ... ಈಗ!" ಒಂದು ಸಾರಿಗೆ ಮೂರು ಒಗ್ಗರಣೆ. ಅಷ್ಟು ಹೊತ್ತಿಗೆ ಗೋಡೆ ಗಡಿಯಾರ ಒಂಬತ್ತೂವರೆ ದಾಟಿರುತ್ತದೆ, ನನ್ನ ಬಾಳೆಹಣ್ಣು ಕರಗಿ ಯಾವ ಕಾಲವೋ ಆಗಿರುತ್ತದೆ.

ಇದೇನು ಹುಚ್ಚು ಅಂತ ನಮ್ಮ ಯಜಮಾನರನ್ನು ಕೇಳಿದ್ದೆ. ಅವರ ಅಮ್ಮ ಮಡಿಯಲ್ಲಿ ಅಡುಗೆ ಮಾಡುತ್ತಿದ್ದವರು. ಸ್ಕೂಲಿಂದ ಬಂದ ಹುಡುಗರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಹಸಿದ ಹೊಟ್ಟೆಯಲ್ಲಿ ನಡುಮನೆಯಲ್ಲೇ ಸಾಲಾಗಿ ಕೂರಬೇಕು. ಬಳೆ ಸದ್ದು, ಸಾಸಿವೆ ಸದ್ದು, ಆಮೇಲೆ ಘಾಟಿಗೆ ಅಮ್ಮನ ಕೆಮ್ಮು, ಕೆಮ್ಮಿನ ಹಿಂದೆಯೇ ಇಂಗಿನ ವಾಸನೆ. ಆ ಸಾರನ್ನು ಮಾಡುವುದನ್ನು ಅಣ್ಣತಮ್ಮಂದಿರು ಯಾರೂ ಕಣ್ಣಲ್ಲಿ ಕಂಡೇ ಇಲ್ಲ. ಬರೆದಿಡಲು ಅವರಮ್ಮನಿಗೂ ಅಳತೆ ಗೊತ್ತಿರಲಿಲ್ಲ, ಎಲ್ಲ ಕೈಯಂದಾಜು. ಭಾವನ ಹತ್ತಿರ ಉಳಿದಿರುವುದು ಕಿವಿಯಲ್ಲಿ, ಮೂಗಿನಲ್ಲಿ ಉಳಿದದ್ದಷ್ಟೇ. ಇದನ್ನು ಕೇಳಿದ ಮೇಲೆ ನನಗೆ ಮೊದಲಿನ ಹಾಗೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ, ಅದೊಂದು ನಷ್ಟ.

ಸಾರು ಚೆನ್ನಾಗಿರುತ್ತದೆ ಅನ್ನುವುದು ಇನ್ನೊಂದು ಸಂಕಟ. ನಾನು ಅನ್ನಕ್ಕೆ ಕಲಸಿದ್ದು ಸಾಲದೆ ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತೇನೆ. ಮನೆಯಲ್ಲಿ ಪ್ಯಾಕೆಟ್ ಪುಡಿ ಕುದಿಸುವವಳಿಗೆ ಇನ್ನೇನು ಬಿಗುಮಾನ? ಯಜಮಾನರು ತಟ್ಟೆಯಿಂದ ತಲೆ ಎತ್ತದೆ "ಅಮ್ಮ ಮಾಡಿದ ಹಾಗೇ ಇದೆ" ಅನ್ನುತ್ತಾರೆ. ಭಾವ ಒಪ್ಪುವುದಿಲ್ಲ. "ಇಲ್ಲ ಕಣೋ, ಎಲ್ಲೋ ಒಂಚೂರು ತಪ್ಪಿದೆ." ಒಪ್ಪಿಬಿಟ್ಟರೆ ನಾಳೆ ಏನು ಮಾಡುತ್ತಾರೆ, ಪಾಪ.

ಮೊನ್ನೆ ಊಟವಾದ ಮೇಲೆ ಸಿಂಕಿನ ತುಂಬ ಪಾತ್ರೆ ಉಜ್ಜುತ್ತ ಓರಗಿತ್ತಿ ದನಿ ತಗ್ಗಿಸಿದಳು. "ನಿನಗೆ ಗೊತ್ತಿಲ್ಲ, ನೀನು ಬರೋ ಹೊತ್ತಿಗೆ ಅತ್ತೆ ಇರಲಿಲ್ಲ. ಅವರ ಸಾರು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರ್ತಿರಲಿಲ್ಲ ಕಣೆ. ಸಂಬಳದ ವಾರ ಗಟ್ಟಿ ಬೇಳೆ, ತುಪ್ಪದ ಒಗ್ಗರಣೆ. ತಿಂಗಳ ಕೊನೇಲಿ ಬೇಳೆ ತಳದಲ್ಲಿ ಹುಡುಕಬೇಕು. ಇವರು ಹುಡುಕ್ತಿರೋದು ಯಾವತ್ತಿನ ಸಾರು ಅಂತ ಕೇಳು ಮತ್ತೆ!"

ಆ ಕಿವಿಗೆ ಅಡುಗೆಮನೆಯ ಪಿಸುಮಾತು ಯಾವ ಲೆಕ್ಕ? ನಡುಮನೆಯಿಂದ ಕೂಗು ಬಂತು:

"ತಿಂಗಳ ಕೊನೇದು ಕಣೇ! ನೀನು ಬೇಳೆ ಜಾಸ್ತಿ ಹಾಕ್ತಿದ್ದೀಯ, ಅದಕ್ಕೇ ಸರಿಬರ್ತಿಲ್ಲ!"