ಪುಡಿಜೋಡಿ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ನಿರೂಪಿಸಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೆಂದರೆ, ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರಿನಲ್ಲಿ ಎಲ್ಲರಿಗಿಂತ ಮೊದಲು ಬಾಯಿಬಿಡಬೇಕಾದ ಪೀಠದವನ ಕೈಗೆ ಎರಡರಿಂದ ಆರರೊಳಗಿನ ಯಾವುದಾದರೂ ಜೋಡಿ ಬಂದರೆ ಏನು ಗತಿ ಎಂಬುದು. ಅಧಿಕಾರಿ ಯಾರೆಂದರೆ ಕಿಸೆಯಲ್ಲಿ ಹಣವಿದ್ದೂ ಅದರ ಮೇಲೆ ವೈರಾಗ್ಯ ಹುಟ್ಟಿದವನು. ಸಂಬಂಧ ಅವನಿಗೂ ಆ ಹಣಕ್ಕೂ ಇರುವಂಥದ್ದು, ತಾತ್ಕಾಲಿಕ. ಪ್ರಯೋಜನ ಎದುರು ಕೂತವರಿಗೆ.

ಈ ಶಾಸ್ತ್ರದ ಜನ್ಮಭೂಮಿ ರಾಬ್ಸ್‌ಟೌನ್ ಎಂದು ಟೆಕ್ಸಸ್ಸಿನ ಶಾಸನಸಭೆಯೇ 2007ರಲ್ಲಿ ನಿರ್ಣಯಿಸಿಬಿಟ್ಟಿದೆ. ಕವಿಗಳ ಹುಟ್ಟೂರಿಗಾಗಿ ತಲೆಮಾರುಗಟ್ಟಲೆ ಕಾದಾಡುವ ನಮ್ಮ ವಿದ್ವಾಂಸರಿಗೆ ಇಂಥ ಸೌಲಭ್ಯವಿಲ್ಲ.

ಮೊದಲ ಪೀಠಕ್ಕೆ ಅಲ್ಲಿನವರು 'ಅಂಡರ್ ದಿ ಗನ್' ಅನ್ನುತ್ತಾರೆ. ರಾಜಸೂಯದ ಅಗ್ರಪೂಜೆಗೆ ತಕರಾರು ತೆಗೆದ ಶಿಶುಪಾಲ ಒಬ್ಬನೇ. ಒಂಬತ್ತು ಜನರ ಮೇಜಿನಲ್ಲಿ ಈ ಅಗ್ರಪೀಠದವನು ಮಾತು ಮುಗಿಸುವುದನ್ನೇ ಎಂಟು ಶಿಶುಪಾಲರು ಕಾದಿರುತ್ತಾರೆ. ಇವನ ಕೈಯಲ್ಲಿರುವುದು ಎರಡರ ಜೋಡಿಯಾದರೆ, ಆ ಎಂಟರಲ್ಲಿ ಒಬ್ಬನ ಬಳಿಯಾದರೂ ಅದಕ್ಕಿಂತ ದೊಡ್ಡ ಜೋಡಿ ಇರುವ ಸಂಭವ ನೂರಕ್ಕೆ ಸುಮಾರು 38.

ಈಗ ಪೂರ್ವಪಕ್ಷ. "ಅಗ್ಗಕ್ಕೆ ಒಳನುಸುಳಿ ಫ್ಲಾಪ್ ನೋಡೋಣ, ಮೂರನೆಯದು ಬಂದರೆ ಕೊಳ್ಳೆ, ಬಾರದಿದ್ದರೆ ಎದ್ದೇಳೋಣ" ಎಂಬುದು ಪ್ರವೇಶವಾದಿಗಳ ಮತ. ಪರಿಶೀಲಿಸೋಣ. ಕಟ್ಟಿನಲ್ಲಿ ಎರಡು ಎಂಬ ಎಲೆಗಳು ನಾಲ್ಕೇ. ಎರಡು ನಮ್ಮ ಕೈಯಲ್ಲಿವೆ. ಉಳಿದವುಗಳಲ್ಲಿ ಒಂದಾದರೂ ಫ್ಲಾಪಿನಲ್ಲಿ, ಅಂದರೆ ಮೇಜಿನ ಮೇಲೆ ಮೊದಲು ಬಿಚ್ಚುವ ಮೂರೆಲೆಗಳಲ್ಲಿ, ಕಾಣಿಸುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಅರ್ಧ ಸಲ ಆಡುವ ವಿಧಾನವನ್ನು ಭಾಷ್ಯಕಾರರು ತಿಳಿಸಿಲ್ಲ. ಕಾಣಿಸಿತೆನ್ನಿ, ಅದರ ಸೊಗಸೇ ಬೇರೆ: ಎಕ್ಕದ ಜೋಡಿ ಹಿಡಿದವನು ಏನೂ ಅರಿಯದೆ ತನ್ನ ಗಂಟನ್ನೆಲ್ಲ ನಡುಮೇಜಿಗೆ ನೂಕುತ್ತಾನೆ. ಆದರೆ ಉಳಿದ ಏಳೂವರೆ ಸಲದ ನಷ್ಟವೂ ಆ ಒಂದೇ ಗಂಟಿನಿಂದ ತುಂಬಬೇಕಲ್ಲ? ಅದಕ್ಕೇ, ಕಾಲ್ ಮಾಡಲು, ಅಂದರೆ ಇನ್ನೊಬ್ಬನ ಪಣಕ್ಕೆ ಸರಿಗಟ್ಟಲು, ಕೊಡುವ ದುಡ್ಡಿನ ಹದಿನೈದು ಪಟ್ಟಾದರೂ ಎದುರಾಳಿಯ ಮುಂದಿರಬೇಕೆಂಬ ಸಂಪ್ರದಾಯ. ಕೊನೆಯ ಪೀಠದವನು ಎಲ್ಲರ ಆಟ ನೋಡಿ ಈ ಲೆಕ್ಕ ಹಾಕಬಲ್ಲ. ಮೊದಲನೆಯವನು ಯಾರನ್ನು ನೋಡಿ ಹಾಕಬೇಕು? ಇವನು ಅಗ್ಗಕ್ಕೆ ನುಸುಳಿದ ಮೇಲೆ ಒಬ್ಬ ರೈಸ್ ಮಾಡುತ್ತಾನೆ, ಇನ್ನೊಬ್ಬ ಅದರ ಮೂರು ಪಟ್ಟು ಏರಿಸುತ್ತಾನೆ. ಅಗ್ಗ ಎಂಬ ಶಬ್ದ ಅಲ್ಲಿಗೆ ನಿರರ್ಥಕ.

ಶಬ್ದಪ್ರಮಾಣವೂ ನಮ್ಮ ಕಡೆಗೇ ಇದೆ. ಕೈಗಳನ್ನು ಎಂಟು ವರ್ಗ ಮಾಡಿದ ಡೇವಿಡ್ ಸ್ಕ್ಲಾನ್ಸ್ಕಿ ಆಚಾರ್ಯರು ಎರಡು, ಮೂರು, ನಾಲ್ಕರ ಜೋಡಿಗಳಿಗೆ ಏಳನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ.

ಇಷ್ಟಾದರೂ ಪ್ರವೇಶವಾದಿ ಸುಮ್ಮನಾಗುವುದಿಲ್ಲ. "2003ರ ವರ್ಲ್ಡ್ ಸೀರೀಸ್ ಆಫ್ ಪೋಕರಿನಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಮೂರರ ಜೋಡಿ ಹಿಡಿದೇ ಡಚ್ ಬಾಯ್ಡನನ್ನು ಬಗ್ಗಿಸಿದನಲ್ಲ? ಕೊನೆಗೆ 25 ಲಕ್ಷ ಡಾಲರ್ ಹೊತ್ತೊಯ್ದನಲ್ಲ?" ಎನ್ನುತ್ತಾನೆ. ಇದು ದೃಷ್ಟಾಂತಾಭಾಸ. ಆ ಫ್ಲಾಪಿನಲ್ಲಿ ಬಂದದ್ದು ಒಂಬತ್ತು, ಎರಡು, ಐದು. ಮೂರು ಬಂದಿರಲೇ ಇಲ್ಲ. ಬಾಯ್ಡನ ಕೈಯಲ್ಲಿ ರಾಜ-ರಾಣಿ ಬಿಟ್ಟು ಬೇರೇನೂ ಇರಲಿಲ್ಲ, ಇದ್ದಿದ್ದರೆ ಇಂದು ಈ ಉದಾಹರಣೆಯೂ ಇರುತ್ತಿರಲಿಲ್ಲ. ಪಂಡಿತರು ಇದನ್ನು ಕಾಕತಾಳೀಯ ನ್ಯಾಯ ಎನ್ನುತ್ತಾರೆ, ಟೆಲಿವಿಷನ್ನಿನವರು ಪರಾಕ್ರಮ ಎಂದರು.

ಆದಕಾರಣ, ತುಂಬಿದ ಮೇಜಿನ ಮೊದಲ ಪೀಠದಲ್ಲಿ ಎರಡು, ಮೂರು, ನಾಲ್ಕರ ಜೋಡಿಗಳನ್ನು ಮರುಮಾತಿಲ್ಲದೆ ಎಸೆಯತಕ್ಕದ್ದು. ಐದು, ಆರರ ವಿಷಯದಲ್ಲಿ ಮಾತ್ರ, ಎದುರಾಳಿಗಳ ಗಂಟು ದಪ್ಪಗಿದ್ದು ಬುದ್ಧಿ ತೆಳ್ಳಗಿದ್ದರೆ, ವಿಕಲ್ಪ ಉಂಟು.