ಗ್ರಾಂ ಮೇಷ್ಟ್ರು

ದಾವಣಗೆರೆಯಲ್ಲಿ ಮನೆಗೆ ಬಂದವರನ್ನು ‘ಚಾ ಕುಡೀತೀರೋ, ಕಾಫಿ ಕುಡೀತೀರೋ’ ಅಂತ ಕೇಳುವುದು ವಾಡಿಕೆ. ‘ಹುರಿದು 9 ದಿನ ಆಗಿರೋದು ಕೊಡ್ಲೋ, 14 ದಿನದ್ದೋ’ ಅಂತ ಕೇಳುವವರು ಈಚೆಗೆ ಬಡಾವಣೆಗೊಬ್ಬರು ಹುಟ್ಟಿಕೊಂಡಿದ್ದಾರೆ. ಮುಖ ಬೇರೆ ಬೇರೆ, ತಕ್ಕಡಿ ಒಂದೇ. ನಾನು ಹೇಳಹೊರಟಿರುವುದು ವಿದ್ಯಾನಗರದವರ ಸಂಗತಿ. ದಿನಾ ಬಸ್ಸು ಹತ್ತಿ ಹರಿಹರದ ಕಾಲೇಜೊಂದಕ್ಕೆ ಹೋಗಿ ಗಣಿತ ಹೇಳಿ ಬರುತ್ತಾರೆ. ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವರು ಗ್ರಾಂ ಮೇಷ್ಟ್ರು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ಹಳೆಯ ಶಿಷ್ಯನೊಬ್ಬ ಗುರುಕಾಣಿಕೆ ಅಂತ ಒಂದು ಪ್ಲಾಸ್ಟಿಕ್ ಲಾಳಿಕೆ ತಂದುಕೊಟ್ಟ. ಜಪಾನಿನ ಮಾಲು, ಹೆಸರು ವಿ-60. ಅದರ ಕೋನ 60 ಡಿಗ್ರಿ, ಅದಕ್ಕೇ ಆ ಹೆಸರು ಅಂತ ಶಿಷ್ಯ ವಿವರಿಸಿದ. ಗಣಿತದ ಮೇಷ್ಟ್ರು ಬೀಳಲು ಅಷ್ಟು ಸಾಕಾಯಿತು. ಪುಕ್ಕಟೆ ಬಂದ ಆ ಲಾಳಿಕೆಯ ಹಿಂದೆಯೇ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ, ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ತಕ್ಕಡಿ ಬಂತು. ಆಮೇಲೆ ಥರ್ಮಾಮೀಟರು, ನೀರಿನ ಲವಣ ಅಳೆಯುವ ಪೆನ್ನು, ಕೈಯಲ್ಲಿ ತಿರುಗಿಸುವ ಬೀಸುಯಂತ್ರ. ಎಲ್ಲವೂ ‘ಕಮ್ಮಿ ಖರ್ಚಿನಲ್ಲಿ’.

ಮೇಷ್ಟ್ರ ಲೆಕ್ಕ ಕೇಳಿದರೆ ಮಂಡಿಪೇಟೆಯ ಗುಮಾಸ್ತರೂ ಪೆನ್ನು ಕೆಳಗಿಡಬೇಕು. ಕಾಲು ಕಿಲೋ ಬೀಜಕ್ಕೆ 500 ರೂಪಾಯಿ. ಕಪ್ಪಿಗೆ 15 ಗ್ರಾಂ. ಅಂದರೆ ಒಂದು ಕಪ್ಪು 30 ರೂಪಾಯಿ. ಅದೇ ಕಾಫಿಗೆ ಬೆಂಗಳೂರಿನ ಕೆಫೆಯಲ್ಲಿ 250 ಕೇಳುತ್ತಾರೆ. ಹಾಗಾಗಿ ಒಂದು ಕಪ್ಪು ಕುಡಿದರೆ 220 ರೂಪಾಯಿ ಉಳಿತಾಯ, ದಿನಕ್ಕೆ ನಾಲ್ಕು ಕುಡಿದರೆ 880. ತಿಂಗಳಿಗೆ 26,400 ರೂಪಾಯಿ ಉಳಿಸುವ ಮನುಷ್ಯ ದಾವಣಗೆರೆಯಲ್ಲಿ ಇನ್ನೊಬ್ಬನಿಲ್ಲ ಅನ್ನುವುದು ಅವರ ಹೆಮ್ಮೆ. ‘ಉಳಿಸಿದ ರೊಕ್ಕ ಎಲ್ಲಿಟ್ಟೀರಿ?’ ಅಂತ ಮನೆಯವರು ಕೇಳಿದ್ದಕ್ಕೆ ಮೇಷ್ಟ್ರು ಇನ್ನೊಂದು ಕಪ್ಪು ಮಾಡಲು ಎದ್ದರು.

ಜಿಪುಣತನಕ್ಕೂ ಒಂದು ಪ್ರತಿಭೆ ಬೇಕು, ಅದು ಮೇಷ್ಟ್ರಿಗಿದೆ. ಬಿಸಿನೀರನ್ನು ಸಣ್ಣ ಧಾರೆಯಾಗಿ, ಸುತ್ತಿ ಸುತ್ತಿ ಸುರಿಯಬೇಕು. ಅದಕ್ಕೆಂದೇ ಹಂಸದ ಕೊರಳಿನ ಕೆಟಲ್ ಸಿಗುತ್ತದೆ, ಬೆಲೆ ಎರಡು ಸಾವಿರದ ಆಸುಪಾಸು. ಮೇಷ್ಟ್ರ ಕಣ್ಣು ದೇವರ ಮನೆಯ ಹಿತ್ತಾಳೆ ಗಿಂಡಿಯ ಮೇಲೆ ಬಿತ್ತು. ಕೊಕ್ಕು ಇದೆ, ಧಾರೆ ಸಣ್ಣ, ಖರ್ಚಿಲ್ಲ. ಹಿಡಿಕೆ ಮಾತ್ರ ಇಲ್ಲ, ಹಾಗಾಗಿ ಟವೆಲ್ ಸುತ್ತಿ ಹಿಡಿಯುತ್ತಾರೆ. ಬೆಳಿಗ್ಗೆ ಪೂಜೆಗೆ ಕೂತ ಅವ್ವ ‘ಗಿಂಡಿ ಎಲ್ಲೋ?’ ಅಂತ ಕೂಗಿದರೆ ಅಡುಗೆಮನೆಯಿಂದ ಉತ್ತರ ಬರುತ್ತದೆ: ‘93 ಡಿಗ್ರಿ ಐತವ್ವ, ಮುಟ್ಬ್ಯಾಡ.’ ಸೋಸುವ ಕಾಗದವನ್ನೂ ಅವರು ಕೊಳ್ಳುವುದಿಲ್ಲ. ‘ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಕಣ್ರೀ ಇದು. ಗಿರಣಿ ಮುಚ್ಚಿದವು, ಹತ್ತಿ ಬಟ್ಟೆಗೇನು ಬರ ಬಂತಾ?’ ಜಪಾನಿನಲ್ಲೂ ಬಟ್ಟೆಯಲ್ಲೇ ಸೋಸುವ ಪದ್ಧತಿ ಇದೆ, ಆದ್ದರಿಂದ ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಿತ್ತಲ ತಂತಿಯ ಮೇಲೆ ಕಂದು ಬಣ್ಣದ ಚೌಕಗಳು ಒಣಗುವುದನ್ನು ನೋಡಿ ಪಕ್ಕದ ಮನೆಯವರು ಯಾರಿಗೆ ಗಾಯವಾಗಿದೆ ಎಂದು ವಿಚಾರಿಸಿಕೊಂಡು ಹೋಗಿದ್ದುಂಟು.

ಬೀಸುಯಂತ್ರದ ಕತೆ ಹರಿಹರದ್ದು. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಅಲ್ಲಿ ಶುರುವಾಗಿ, ಲೇತ್ ಅಂದರೆ ಹರಿಹರ ಅನ್ನಿಸಿ, ಕೊನೆಗೆ ಬಾಗಿಲು ಹಾಕಿತು. ಅಲ್ಲಿ ಪಳಗಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಯಂತ್ರದ ದಂಡ ಕೂದಲೆಳೆಯಷ್ಟು ಅಲುಗುತ್ತದೆ, ಪುಡಿ ಒಂದೇ ಸಮ ಬರುತ್ತಿಲ್ಲ ಅಂತ ಮೇಷ್ಟ್ರು ಅದನ್ನು ಒಬ್ಬ ಹಳೆಯ ಲೇತ್ ಕೆಲಸಗಾರರ ಮುಂದಿಟ್ಟರು. ಅವರು ಕನ್ನಡಕ ಏರಿಸಿ ನೋಡಿದರು.

‘ಸಾರ್, ಇದು ಯಾವ ಮಷೀನಿನ ಪಾರ್ಟು?’

‘ಕಾಫಿ ಬೀಜ ಬೀಸೋದು.’

‘ಕಾಫಿಗೆ ಮೈಕ್ರಾನ್ ಲೆಕ್ಕ ಕೇಳಿದೋರು ನೀವೇ ಮೊದಲು ನೋಡ್ರಿ.’

ಸರಿ ಮಾಡಿಕೊಟ್ಟರು, ದುಡ್ಡು ಬೇಡ ಅಂದರು. ಕೃತಜ್ಞತೆಗೆ ಮೇಷ್ಟ್ರು ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಕೊಟ್ಟರು. ಒಂದು ಗುಟುಕು ಕುಡಿದ ಆ ಹಿರಿಯರು ಬಹಳ ಮರ್ಯಾದೆಯಿಂದ, ‘ಹಾಲು ಮನೇಲೇ ಮರ್ತು ಬಂದೀರಿ, ಸಾರ್’ ಅಂದರು.

ಮಿಕ್ಸಿ ಸಾಲದೇ ಅಂತ ಕೇಳಿ ಕೆಟ್ಟವರಿದ್ದಾರೆ. ಮಿಕ್ಸಿಯ ಬ್ಲೇಡು ಬೀಸುವುದಿಲ್ಲ, ಚಚ್ಚುತ್ತದೆ. ಧೂಳಾದದ್ದು ಕಹಿ ಬಿಡುತ್ತದೆ, ದಪ್ಪ ಉಳಿದದ್ದು ಹುಳಿ ಬಿಡುತ್ತದೆ. ಮಾತು ನಿಜ. ಆದರೆ ಬೀಸುವವರು ಯಾರು? ಬಂದ ಅತಿಥಿಗಳು. ಕೂತ ಕೂಡಲೇ ಕೈಗೆ ಯಂತ್ರ ಬರುತ್ತದೆ. ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಸಾಹುಕಾರರು ಮೊನ್ನೆ ಮಗಳ ಮದುವೆಗೆ ಕರೆಯಲು ಬಂದು, ಲಗ್ನಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬೀಸುತ್ತಿದ್ದರು. ಅತ್ತ ಮೇಷ್ಟ್ರು ನೀರು ಹದ ಮಾಡುತ್ತಿದ್ದರು. ಬೋರ್ ನೀರು ತೀರಾ ಗಡಸು, ಆರ್‌ಒ ನೀರು ತೀರಾ ಸಪ್ಪೆ, ಎರಡನ್ನೂ ಬೆರೆಸಿ ಪೆನ್ನು ಅದ್ದಿ 150ಕ್ಕೆ ತರಬೇಕು. ಮೊದಲು ಪುಡಿ ನೆನೆಯುವಷ್ಟೇ ನೀರು ಬಿದ್ದಿತು. ತಾಜಾ ಪುಡಿ ಒಳಗಿನ ಗಾಳಿ ಬಿಟ್ಟು ಉಬ್ಬಿತು. ಆ ಅರ್ಧ ನಿಮಿಷ ಯಾರೂ ಮಾತಾಡಕೂಡದು. ಆಮೇಲೆ ಉಳಿದ ನೀರು, ಒಟ್ಟು 240 ಗ್ರಾಂ.

‘ಎಸ್. 795 ತಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ನೂರಕ್ಕೆ 85 ಅಂಕ ಐತೆ.’

‘85ಕ್ಕೆ ನಮ್ಮೂರಾಗೆ ಮೆಡಿಕಲ್ ಸೀಟೂ ಸಿಗಲ್ಲ ಬಿಡ್ರಿ.’

‘ಏನು ವಾಸನೆ ಬಂತು ಹೇಳ್ರಿ. ಕಿತ್ತಳೆ? ಬೆಲ್ಲ?’

ಸಾಹುಕಾರರು ಕಣ್ಣು ಮುಚ್ಚಿ, ಮೂಸಿ, ‘ಹೊಸ ಮೆಕ್ಕೆಜೋಳದ ಚೀಲ ಬಿಚ್ಚಿದಂಗೈತ್ರಿ’ ಅಂದರು. ಮೇಷ್ಟ್ರು ಅದನ್ನು ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಒಂದು ಮಾತು ಒಪ್ಪಬೇಕು: ಆ ಕಾಫಿ ಚೆನ್ನಾಗಿರುತ್ತದೆ. ಆರುತ್ತ ಬಂದಂತೆ ಇನ್ನೂ ಚೆನ್ನಾಗುತ್ತದೆ, ಹೋಟೆಲ್ ಕಾಫಿಯ ಬಗ್ಗೆ ಹೀಗೆ ಹೇಳಲಾಗದು. ನನ್ನನ್ನು ಕೇಳಿದರೆ ಹೊಸದಾಗಿ ಶುರು ಮಾಡುವವರು ಲಾಳಿಕೆ, ಪೆನ್ನು ಎಲ್ಲ ಬಿಟ್ಟು, ಹುರಿದ ತಾರೀಖು ಇರುವ ಬೀಜ ತಂದು, ಹೊಂದುವ ಹದಕ್ಕೆ ಬೀಸಿ, ಮನೆಯ ಸ್ಟೀಲ್ ಫಿಲ್ಟರಿನಲ್ಲೇ ಇಳಿಸಿದರೂ ಮುಕ್ಕಾಲು ಪಾಲು ಗೆದ್ದಂತೆ. ದುಡ್ಡು ಹಾಕುವುದಿದ್ದರೆ ಬೀಸುಯಂತ್ರಕ್ಕೆ ಹಾಕಿ. ಇದನ್ನು ಮೇಷ್ಟ್ರೇ ಹೇಳಿದ್ದು; ಆದರೆ ಇಷ್ಟು ಬೇಗ ಹೇಳಿ ಮುಗಿಸಲಿಲ್ಲ.

ಅವರನ್ನು ಕ್ಷಮಿಸಲಾಗದ್ದು ಒಂದೇ ವಿಷಯಕ್ಕೆ. ನಾಲಿಗೆ ಕೆಡುತ್ತದೆ ಅಂತ ಕಾಫಿಗೆ ಮುಂಚೆ ಮಂಡಕ್ಕಿ-ಮಿರ್ಚಿ ತಿನ್ನಗೊಡುವುದಿಲ್ಲ. ಬೆಣ್ಣೆದೋಸೆ ತಿಂದು ಹೋದವರನ್ನಂತೂ ಎರಡು ಗಂಟೆ ಬಿಟ್ಟು ಬನ್ನಿ ಅಂತ ವಾಪಸು ಕಳಿಸಿದ್ದಾರೆ. ಈ ಊರಿನಲ್ಲಿದ್ದುಕೊಂಡು ಇಂಥ ಮಾತಾಡಲು ಎದೆಗಾರಿಕೆ ಬೇಕು.

ನೀವೂ ಹೋಗುವುದಾದರೆ ಐದಕ್ಕೆ ಹೋಗಿ, ಆರಕ್ಕೆ ಕಾಫಿ ಸಿಗುತ್ತದೆ. ಅರ್ಧ ತೋಳಿನ ಅಂಗಿ ಹಾಕಿಕೊಳ್ಳಿ, ಬೀಸಲು ಅನುಕೂಲ. ಸಕ್ಕರೆ ಜೇಬಿನಲ್ಲಿಟ್ಟುಕೊಂಡು ಹೋಗಿ; ಅವರು ಬಟ್ಟೆ ಹಿಂಡಲು ಹಿತ್ತಲಿಗೆ ಹೋದಾಗ ಹಾಕಿಕೊಳ್ಳಬಹುದು.